ಸಿಸ್ಟರ್ ಕೈಯಾಗ ತಪ್ಪಾತು ಅಂದ್ರ ಮೆಮೊ ಬರಿಯೂಕಿಂತ ಮೊದಲ ಇದನ್ನ ಓದ್ರಿ: ಶಿಕ್ಷೆ ಇಲ್ದ ಸ್ಟಾಫನ್ನ ತಿದ್ದೂದು ಹೆಂಗ

ನನಗ ಸರ್ವಿಸ್‌ನ್ಯಾಗ ಬಂದಿದ್ದು ಒಂದ ಒಂದು ಮೆಮೊ, ಅಂದ್ರ ತಪ್ಪಿಗೆ ಉತ್ತರ ಬರ್ದು ಕೊಡು ಅನ್ನೂ ನೋಟಿಸ್. ಬಾಗಲಕೋಟಿ ಕಡೆ ಒಂದು ಪ್ರೈವೇಟ್ ದವಾಖಾನಿ, ಸ್ಟಾಫ್ ನರ್ಸ್ ಆಗಿ ಎರಡನೇ ವರ್ಷ, ನೈಟ್ ಡ್ಯೂಟಿ, ಫೀಮೇಲ್ ಮೆಡಿಕಲ್ ವಾರ್ಡ್. ಒಬ್ಬ ಅಜ್ಜಿಗೆ ಇನ್ಸುಲಿನ್ 20 ಯುನಿಟ್ ಆರ್ಡರ್ ಇತ್ತು, ಕೆಂಪು ಕ್ಯಾಪಿನ ಸಿರಿಂಜ್ ಖಾಲಿ ಆಗಿದ್ವು, ಸ್ಟೋರಿನವ್ರು ಆರೆಂಜ್ ಕ್ಯಾಪಿಂದು ಒಂದು ಡಬ್ಬಿ ಕಳ್ಸಿದ್ರು, ನಾನೂ 20ರ ಗೆರಿತನಕ ಎಳದು ಕೊಟ್ಟಬಿಟ್ಟೆ. ನಮ್ಮಲ್ಲಿ ಇನ್ಸುಲಿನ್ ವಯಲ್ ಹೆಚ್ಚಾಗಿ ಬರೂದು ಒಂದು ಎಂಎಲ್‌ಗೆ 40 ಯುನಿಟ್, ಅದಕ್ಕ ಕೆಂಪು ಕ್ಯಾಪಿನ ಸಿರಿಂಜ್ ಬೇಕು. ಆರೆಂಜ್ ಕ್ಯಾಪು 100 ಯುನಿಟಿನ ಇನ್ಸುಲಿನ್‌ಗೆ ಮಾಡಿದ್ದು. ಅಂದ್ರ 20 ಅಂತ ನಾ ತಿಳಕೊಂಡು ಕೊಟ್ಟಿದ್ದು ಖರೇ 8 ಯುನಿಟ್ ಅಷ್ಟ. ಎರಡು ದಿನ ಅಜ್ಜಿ ಶುಗರ್ 400ರ ಕೆಳಗ ಇಳೀಲಿಲ್ಲ, ಮೂರನೇ ದಿನ ಡಾಕ್ಟರ್ ಸಾಹೇಬ್ರು ಸಿರಿಂಜ್ ನೋಡಿ ಕಂಡಹಿಡಿದ್ರು, ಅವತ್ತ ಸಂಜೀಕ ಮೆಮೊ ಬಂತು, ಮರುದಿನ ಮುಂಜಾನೆ ನಾ "ಮುಂದ ಹಿಂಗ ಮಾಡಂಗಿಲ್ಲ" ಅಂತ ಬರ್ದು ಸೈನ್ ಮಾಡಿ ಕೊಟ್ಟೆ, ಕೇಸ್ ಮುಗೀತು.

ಆರೆಂಜ್ ಕ್ಯಾಪಿನ ಡಬ್ಬಿ ಮಾತ್ರ ಅದ ಡ್ರಾದಾಗ ಇತ್ತು. ಎರಡು ತಿಂಗಳಿಗೆ ಇನ್ನೊಬ್ಬ ಹುಡುಗಿ ಅದ ಡಬ್ಬಿಯಿಂದ ಅದ ತಪ್ಪು ಮಾಡಿದ್ಲು. ನನ್ನ ಮೆಮೊ ಆಕಿ ಕಣ್ಣಾರೆ ನೋಡಿದ್ಲಲ್ಲ, ಅದಕ್ಕ ಯಾರಿಗೂ ಹೇಳ್ಲಿಲ್ಲ. ಹಾಸ್ಟೆಲ್ ಮೆಟ್ಟಿಲ ಮ್ಯಾಲ ಕುಂತು ನನಗೊಬ್ಬಾಕಿಗೆ ಹೇಳಿ ಅತ್ಲು. ಮೆಮೊದಿಂದ ಕಡಿಮಿ ಆಗಿದ್ದು ತಪ್ಪಲ್ಲ, ತಪ್ಪು ಹೇಳೂದು.

ಈಗ ನಾನ ವಾರ್ಡ್ ಇನ್‌ಚಾರ್ಜ್, ಹೊಸ ಸ್ಟಾಫಿಗೆ ಕಲಿಸೂ ಕೆಲಸಾನೂ ನಂದ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಈ ಮೂರೂ ಕಡೆ ನಮ್ಮ ಜೋಡಿ ಕಲ್ತವ್ರು ಇನ್‌ಚಾರ್ಜ್ ಆಗ್ಯಾರ, ಫೋನ್ ಮಾಡಿ ಕೇಳ್ತಾರ, "ಅಕ್ಕಾ ಮೆಮೊ ಕೊಡಬಾರ್ದು ಅಂತಿ, ಮತ್ತ ಸುಮ್ನ ಬಿಡೂದೇನು?" ಸುಮ್ನ ಬಿಡೂದಲ್ರಿ. ಮೆಮೊಕ್ಕಿಂತ ಇದ ಹೆಚ್ಚು ಕೆಲಸ, ಹೆಚ್ಚು ಟೈಮ್, ತಪ್ಪು ಮಾಡಿದಾಕಿಗೂ ಹೆಚ್ಚು ಕಷ್ಟ. ಇಂಗ್ಲಿಷ್‌ನ್ಯಾಗ ರೆಮೆಡಿಯೇಷನ್ ಅಂತಾರ, ನಾವು ವಾರ್ಡಿನ್ಯಾಗ "ತಿದ್ದೂ ಪ್ಲಾನ್" ಅಂತೀವಿ. ಹೆಂಗ ಮಾಡ್ತೀವಿ ಅಂತ ಒಂದೊಂದ ಹೇಳ್ತೀನಿ.

ಹಂತ 1: ಮೊದಲನೇ ತಾಸು

ಮೊದಲ ಪೇಷಂಟ್. ಇದನ್ನ ಹೇಳಬೇಕಾ ಅನಸ್ತೈತಿ, ಆದ್ರ ಹೇಳಬೇಕು, ಯಾಕಂದ್ರ ತಪ್ಪಾದ ಗಳಿಗ್ಯಾಗ ಎಲ್ಲಾರೂ ಬೈಯೂಕ ನಿಂತಬಿಡ್ತಾರ, ಪೇಷಂಟ್ ಕಡೆ ಯಾರೂ ಇರಂಗಿಲ್ಲ. ಬಿಪಿ, ಪಲ್ಸ್, ಸ್ಯಾಚುರೇಷನ್ (ರಕ್ತದಾಗಿನ ಆಕ್ಸಿಜನ್), ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೂ ಶುಗರ್) ನೋಡ್ರಿ, ಡಾಕ್ಟರ್‌ಗೆ ತಿಳಸ್ರಿ, ಏನು ಹೋಗೈತಿ ಎಷ್ಟು ಹೋಗೈತಿ ಅಂತ ಖರೇ ಖರೇ ಹೇಳ್ರಿ. ಪೇಷಂಟ್ ಕಡೆ ಮಂದಿಗೆ ಯಾರು ಹೇಳಬೇಕು ಅನ್ನೂದು ಡಾಕ್ಟರ್ ಜೋಡಿ ಕೂಡಿ ಠರಾಸ್ರಿ. ಅದನ್ನ ಆ ಸಿಸ್ಟರ್ ಮ್ಯಾಲ ಹಾಕಬ್ಯಾಡ್ರಿ.

ಎರಡನೇದು, ಖಾಲಿ ಆಂಪುಲ್, ವಯಲ್, ಸಿರಿಂಜ್, ಡ್ರಿಪ್ ಬಾಟ್ಲಿ ಏನಿದ್ರೂ ತಗದು ಒಂದು ಕಡೆ ಇಡ್ರಿ, ಕಸದ ಬುಟ್ಟಿಗೆ ಹೋತಂದ್ರ ಆಮ್ಯಾಲ ಬರೇ ಊಹೆ ಉಳಿತಾವು. ಚಾರ್ಟ್ ತಿದ್ದಾಕ ಯಾರಿಗೂ ಬಿಡಬ್ಯಾಡ್ರಿ. ತಪ್ಪು ಬರ್ದಿದ್ರ ಒಂದ ಗೆರಿ ಎಳದು, ಟೈಮ್ ಹಾಕಿ, ಸೈನ್ ಮಾಡಿ, ಬಾಜೂಕ ಹೊಸದು ಬರಿಬೇಕು. ವೈಟ್ನರ್ ಹಚ್ಚಿದ ಚಾರ್ಟ್ ನೋಡಿದವ್ರು ಮುಂದ ನೀವೇನು ಹೇಳಿದ್ರೂ ನಂಬಂಗಿಲ್ಲ.

ಮೂರನೇದು ಆ ಸಿಸ್ಟರ್. ಆಕಿನ್ನ ಮನಿಗೆ ಕಳಸ್ಬ್ಯಾಡ್ರಿ, ಹಂಗಂತ ಮುಂದಿನ ಹತ್ತು ಪೇಷಂಟಿಗೆ ಇಂಜೆಕ್ಷನ್ ಕೊಡಾಕೂ ಹಚ್ಚಬ್ಯಾಡ್ರಿ. ಕೈ ನಡಗೂ ಹೊತ್ತಿನ್ಯಾಗ ಎರಡನೇ ತಪ್ಪಾಗತೈತಿ. ಮೆಡಿಸಿನ್ ಬೇರೇದವ್ರಿಗೆ ಕೊಟ್ಟು ಆಕಿಗೆ ವೈಟಲ್ಸ್ (ಬಿಪಿ, ಪಲ್ಸ್ ಇಂಥಾವು) ನೋಡೂದು, ಅಡ್ಮಿಷನ್ ಬರಿಯೂದು ಇಂಥಾ ಕೆಲಸ ಕೊಟ್ಟು, ಜೋಡಿಗೆ ಒಬ್ಬರನ್ನ ಕುಂದ್ರಸ್ರಿ. 2000ದಾಗ ಆಲ್ಬರ್ಟ್ ವೂ ಅನ್ನೂ ಡಾಕ್ಟರ್ ಇಂಥವ್ರಿಗೆ ಎರಡನೇ ಬಲಿಪಶು ಅಂತ ಹೆಸರಿಟ್ಟಾನ. ಆ ಹೆಸರು ಕೆಲವ್ರಿಗೆ ಸೇರಂಗಿಲ್ಲ, ಪೇಷಂಟ್ ಕಡೆಯವ್ರಿಗಂತೂ ಸೇರೂದ ಇಲ್ಲ, ಆದ್ರ ನಿದ್ದಿ ಬರಲಾರದ ರಾತ್ರಿ ಕಂಡಾಕಿ ನಾನು, ಅದು ಸುಳ್ಳಂತ ನನಗ ಹೇಳಾಕ ಬರಂಗಿಲ್ಲ.

ಹಂತ 2: ಮಾತಾಡ್ಸೂದು

ಎಲ್ಲಾ ಇಲ್ಲೇ ಕೆಡೂದು ನೋಡ್ರಿ, ಅದಕ್ಕ ಇದನ್ನ ಸ್ವಲ್ಪ ಉದ್ದ ಹೇಳ್ತೀನಿ.

ಅವತ್ತ ಬ್ಯಾಡ, ನಾಳೆ ಅಥವಾ ನಾಡಿದ್ದು. ಒಂದು ವಾರ ಬಿಟ್ರ ನೆನಪು ಮಾಸ್ತಾವು, ಅಷ್ಟರಾಗ ಕ್ಯಾಂಟೀನ್‌ನ್ಯಾಗ ಕತಿ ಬ್ಯಾರೆನ ಆಗಿರತೈತಿ. ಜಾಗ ನರ್ಸಿಂಗ್ ಸ್ಟೇಷನ್ ಅಲ್ಲ, ಸೂಪರಿಂಟೆಂಡೆಂಟ್ ಚೇಂಬರೂ ಅಲ್ಲ, ಅಲ್ಲಿ ಟೇಬಲ್ ಆ ಕಡೆ ಒಬ್ರು ಈ ಕಡೆ ಒಬ್ರು ಕುಂತ್ರ ಕೋರ್ಟ್ ಆದಂಗ ಆಗತೈತಿ. ನಾ ಡ್ರೆಸ್ಸಿಂಗ್ ಸ್ಟೋರ್ ರೂಮಿನ್ಯಾಗ ಎರಡು ಸ್ಟೂಲ್ ಹಾಕ್ತೀನಿ, ಚಾ ತರಸ್ತೀನಿ. ನೈಟ್ ಮುಗಿಸಿ ಬಂದಾಕಿನ್ನ ಮುಂಜಾನೆ ಎಂಟಕ್ಕ ಕರಿಬ್ಯಾಡ್ರಿ, ಮಲ್ಕೊಂಡು ಎದ್ದು ಬರ್ಲಿ.

"ಯಾಕ ಹಂಗ ಮಾಡ್ದಿ?" ಅಂತ ಕೇಳಿದ್ರ ಉತ್ತರ ಬರಂಗಿಲ್ಲ, ಕಣ್ಣೀರು ಬರತೈತಿ, ಇಲ್ಲಾ ಸುಳ್ಳು ಬರತೈತಿ. ನಾ ಕೇಳೂದು ಹಿಂಗ:

"ತಂಗಿ, ಡ್ಯೂಟಿಗೆ ಬಂದಾಗಿಂದ ಹೇಳು. ಓವರ್ (ಡ್ಯೂಟಿ ಒಪ್ಪಿಸೂದು) ಯಾರು ಕೊಟ್ರು?"

"ಸಂಜಿ ಸಿಸ್ಟರ್ ಕೊಟ್ರು ಅಕ್ಕಾ, ಲಗೂನ ಹೇಳಿ ಹೋದ್ರು, ಬಸ್ ಇತ್ತಂತ."

"ಎಷ್ಟು ಪೇಷಂಟ್ ಇದ್ರು?"

"26. ಆಯಾ ಒಬ್ಬಾಕಿ, ನಾನೊಬ್ಬಾಕಿ."

"ಆ ಇಂಜೆಕ್ಷನ್ ತುಂಬೂ ಹೊತ್ತಿಗೆ ಏನ ನಡದಿತ್ತು?"

"ಬೆಡ್ 11ರವ್ರು ಸಲೈನ್ ನಿಂತೈತಿ ಅಂತ ಬಂದ್ರು, ಅದನ್ನ ಬಿಟ್ಟು ಹೋಗಿ ನೋಡಿ ಬಂದೆ, ಫೋನ್ ಬಂತು, ಕ್ಯಾಶುವಾಲ್ಟಿಯಿಂದ ಅಡ್ಮಿಷನ್ ಐತಿ ಅಂದ್ರು, ಆಮ್ಯಾಲ ಟ್ರೇ ತಗೊಂಡು ಮಲ್ಲಪ್ಪ ಅಂತ ಕರದೆ, ಅವ್ರು ಹ್ಞೂಂ ಅಂದ್ರು."

ಅವತ್ತ ವಾರ್ಡಿನ್ಯಾಗ ಮಲ್ಲಪ್ಪ ಅನ್ನವ್ರು ಇಬ್ರಿದ್ರು, ಇಂಜೆಕ್ಷನ್ ಬ್ಯಾರೆ ಮಲ್ಲಪ್ಪಗ ಹೋಗಿತ್ತು. ನಮ್ಮ ಕಡೆ ಬಸವರಾಜ, ಮಲ್ಲಪ್ಪ, ಶಾಂತವ್ವ, ಮಹಾದೇವಿ ಒಂದ ವಾರ್ಡಿನ್ಯಾಗ ಎರಡೆರಡು ಮೂರು ಮೂರು ಇರೂದು ದಿನಾ ಇದ್ದದ್ದ. ಅದರ ಮ್ಯಾಲ ಅಜ್ಜಾರಿಗೆ ಕಿವಿ ಮಂದ, ಯಾವ ಹೆಸರು ಕರದ್ರೂ ಹ್ಞೂಂ ಅಂತಾರ. ಬೆಳಗಾವಿ ಕಡೆ ಮರಾಠಿ ಮಾತಾಡೂ ಅಜ್ಜಿ, ವಿಜಯಪುರದಾಗ ಉರ್ದು ಅಷ್ಟ ಬರೂ ಚಾಚಾ, ಕೇರಳದಿಂದ ಬಂದ ಸಿಸ್ಟರ್, ಇವ್ರ ನಡುವ ಹ್ಞೂಂ ಅನ್ನೂದಕ್ಕ ಏನ ಅರ್ಥ ಹೇಳ್ರಿ.

ಮಾತಾಡೂವಾಗ ನೀವು ಬರಕೊಳ್ರಿ, ಆದ್ರ ಆಕಿಗೆ ಓದಿ ಹೇಳ್ರಿ. "ನಿಷ್ಕಾಳಜಿಯಿಂದ", "ಬೇಜವಾಬ್ದಾರಿ" ಇಂಥಾ ಶಬ್ದ ಬರಿಬ್ಯಾಡ್ರಿ. ಏನಾತು, ಎಷ್ಟೊತ್ತಿಗೆ ಆತು, ಯಾರಿದ್ರು, ಅಷ್ಟ.

ಹಂತ 3: ಇದು ಎಂಥಾ ತಪ್ಪು ಅಂತ ಬ್ಯಾರೆ ಮಾಡೂದು

ಅಮೆರಿಕಾದಾಗ ಡೇವಿಡ್ ಮಾರ್ಕ್ಸ್ ಅನ್ನವ್ರು ಜಸ್ಟ್ ಕಲ್ಚರ್ (ನ್ಯಾಯದಿಂದ ನಡಿಯೂ ಪದ್ಧತಿ) ಅಂತ ಒಂದು ವಿಚಾರ ದವಾಖಾನಿಗಳಿಗೆ ತಂದ್ರು. ಅದರ ಪ್ರಕಾರ ಮೂರು ನಮೂನಿ. ಒಂದು, ಕೈತಪ್ಪು: ಮಾಡಬೇಕು ಅಂತಿರ್ಲಿಲ್ಲ, ಆಗಿಹೋತು. ಎರಡು, ಶಾರ್ಟ್‌ಕಟ್: ರೂಲ್ ಗೊತ್ತೈತಿ, ಆದ್ರ ದಿನಾ ಹಿಂಗ ಮಾಡಿ ಏನೂ ಆಗಿಲ್ಲ ಅಂತ ರೂಢಿ ಬಿದ್ದೈತಿ. ಮೂರು, ಅಪಾಯ ಐತಿ ಅಂತ ಗೊತ್ತಿದ್ದೂ "ಆಗೂದಾಗ್ಲಿ" ಅಂತ ಮಾಡೂದು. ಮೊದಲನೇದಕ್ಕ ಸಮಾಧಾನ ಹೇಳಿ ವ್ಯವಸ್ಥಾ ಸರಿ ಮಾಡ್ರಿ, ಎರಡನೇದಕ್ಕ ಕುಂದ್ರಿಸಿ ಕಲಸ್ರಿ, ಮೂರನೇದಕ್ಕ ಮಾತ್ರ ಶಿಕ್ಷೆ. ಪೇಷಂಟಿಗೆ ಎಷ್ಟು ತ್ರಾಸಾತು ಅನ್ನೂದರ ಮ್ಯಾಲ ಠರಾಸಬಾರ್ದು. ಇದು ಕೇಳಾಕ ಸುಲಭ, ಮಾಡಾಕ ಭಾಳ ಕಷ್ಟ, ಯಾಕಂದ್ರ ಪೇಷಂಟ್ ಐಸಿಯುಗೆ ಹೋದ್ರ ಎಲ್ಲಾರಿಗೂ ಸಿಟ್ಟು ಬರತೈತಿ, ಏನೂ ಆಗದಿದ್ರ ಅದ ತಪ್ಪಿಗೆ ನಕ್ಕು ಬಿಡ್ತಾರ.

ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2018ರಾಗ ತಂದ ಗೈಡಿನ್ಯಾಗ ಒಂದು ಪ್ರಶ್ನೆ ಐತಿ, ಅದ ನನಗ ಎಲ್ಲಾಕ್ಕಿಂತ ಉಪಯೋಗ ಬಿದ್ದೈತಿ: ಅಷ್ಟ ಓದಿದ, ಅಷ್ಟ ಅನುಭವ ಇದ್ದ ಇನ್ನೊಬ್ರನ್ನ ಅವತ್ತಿನ ರಾತ್ರಿ ಅಲ್ಲಿ ನಿಲ್ಲಿಸಿದ್ರ ಅವ್ರೂ ಇದನ್ನ ಮಾಡ್ತಿದ್ರೇನು? ಮೂರು ಜನ ಸ್ಟಾಫಿಗೆ ಹೆಸರು ಹೇಳ್ದ ಕೇಳಿ ನೋಡ್ರಿ. "ಹೌದಕ್ಕಾ, ನಾವೂ ಹಂಗ ಮಾಡ್ತೀವಿ" ಅಂದ್ರ ತಪ್ಪು ಒಬ್ಬಾಕಿದಲ್ಲ, ವಾರ್ಡಿಂದು.

ಇದೆಲ್ಲಾ ಯಾವುದಕ್ಕ ನಡಿಯಂಗಿಲ್ಲ ಅನ್ನೂದನ್ನೂ ಹೇಳಿಬಿಡ್ತೀನಿ. ಫೆಂಟನಿಲ್, ಮಾರ್ಫಿನ್ ಇಂಥಾ ನಶೆ ಬರೂ ನೋವಿನ ಔಷಧ ಕದಿಯೂದು, ಬಿಪಿ ನೋಡ್ದನ 120/80 ಅಂತ ಇಡೀ ರಾತ್ರಿ ಬರಿಯೂದು, ಕುಡದು ಬರೂದು, ಪೇಷಂಟ್ ಮ್ಯಾಲ ಕೈ ಮಾಡೂದು. ಇವಕ್ಕ ತಿದ್ದೂ ಪ್ಲಾನ್ ಇಲ್ಲ, ಅದರ ದಾರಿ ಬ್ಯಾರೆ. ಕುಡಿತದ ಚಟ ಇದ್ರ ಚಿಕಿತ್ಸಾ ಕೊಡಸ್ರಿ, ಆದ್ರ ಅದು ಆಗೂತನಕ ಪೇಷಂಟ್ ಕಡೆ ಬಿಡಬ್ಯಾಡ್ರಿ. ಬಿಪಿ ಸುಳ್ಳ ಬರಿಯೂದನ್ನ ಮಾತ್ರ ಸ್ವಲ್ಪ ನೋಡ್ರಿ. ಒಬ್ಬಾಕಿ ಬರ್ದಿದ್ರ ಮೋಸ. ಇಡೀ ವಾರ್ಡ್ ಬರ್ದಿದ್ರ 30 ಜನರ ಬಿಪಿ ಒಬ್ಬಾಕಿ ನೋಡೂದು ಆಗದ ಮಾತು ಅಂತ ಅರ್ಥ.

ಹಂತ 4: ವಾರ್ಡನ್ನ ನೋಡೂದು, ಅದೂ ಅದ ಹೊತ್ತಿಗೆ

ಜೇಮ್ಸ್ ರೀಸನ್ ಅನ್ನೂ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ತೂತಿರೂ ಸ್ವಿಸ್ ಚೀಸಿನ ತುಂಡುಗಳ ಉದಾಹರಣಿ ಕೊಟ್ಟಾನ. ಆ ಚೀಸ್ ನಮ್ಮ ಮಂದಿ ನೋಡಿಲ್ಲ, ತಪ್ಪು ತಡಿಯೂ ಒಂದೊಂದು ವ್ಯವಸ್ಥಾಕ್ಕೂ ನಾ ಜರಡಿ ಅಂತ ಹೇಳ್ತೀನಿ. ನಾಕೈದು ಜರಡಿ ಒಂದರ ಮ್ಯಾಲ ಒಂದು ಇಟ್ರ ಸಾಮಾನ್ಯವಾಗಿ ಕಾಳು ಎಲ್ಯಾರ ಒಂದು ಕಡೆ ಸಿಕ್ಕೊಳ್ತಾವು, ಒಂದೊಂದ್ಸಲ ಎಲ್ಲಾ ತೂತೂ ಒಂದ ಸಾಲಿಗೆ ಬಂದು ಕಾಳು ಸೀದಾ ಕೆಳಗ ಬೀಳತೈತಿ. ಕೆಳಗ ನಿಂತಾಕಿ ಸಿಸ್ಟರ್, ಅದಕ್ಕ ಆಕಿ ಕೈಗ ಬೀಳತೈತಿ.

ತಪ್ಪಾದದ್ದು ರಾತ್ರಿ ಎರಡಕ್ಕ ಇದ್ರ ನೀವೂ ರಾತ್ರಿ ಎರಡಕ್ಕ ಹೋಗಿ ಅರ್ಧಾ ತಾಸು ನಿಲ್ರಿ. ಹಗಲಿನ್ಯಾಗ ಕಾಣಲಾರದ್ದು ಕಾಣತೈತಿ. ಮೆಡಿಸಿನ್ ಟ್ರಾಲಿ ಮ್ಯಾಲಿನ ಟ್ಯೂಬ್‌ಲೈಟ್ ಹೋಗಿರತೈತಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪುಲ್ ಡಿಸ್ಟಿಲ್ಡ್ ವಾಟರ್ ಬಾಜೂಕ ಕುಂತಿರತೈತಿ, ಎರಡೂ 10 ಎಂಎಲ್, ಎರಡೂ ಬೆಳ್ಳಗ. ಒಂದರಾಗ ನೀರು, ಇನ್ನೊಂದರಾಗ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ, ಅದನ್ನ ಸೀದಾ ರಕ್ತನಾಳಕ್ಕ ಒತ್ತಿದ್ರ ಹೃದಯ ನಿಲ್ಲತೈತಿ. ಅದನ್ನ ವಾರ್ಡಿಂದ ತಗದು ಐಸಿಯು ಬೀಗದಾಗ ಇಡೂದು ಎಷ್ಟು ಖರ್ಚು? ಏನೂ ಇಲ್ಲ. ಆದ್ರೂ ಎಷ್ಟೋ ಕಡೆ ಹಂಗ ಐತಿ.

ಕಬ್ಬಿನ ಸೀಜನ್‌ನ್ಯಾಗ ಮುಧೋಳ, ಜಮಖಂಡಿ, ಅಥಣಿ ಕಡೆ ಟ್ರ್ಯಾಕ್ಟರ್ ಆಕ್ಸಿಡೆಂಟ್ ಒಂದರ ಹಿಂದ ಒಂದು ಬರ್ತಾವು. ಎಣ್ಣಿ ಕುಡದ ಕೇಸ್ ವರ್ಷಪೂರ್ತಿ ಇರ್ತಾವು, ಎಣ್ಣಿ ಅಂದ್ರ ಕ್ರಿಮಿನಾಶಕ, ಹೊರಗಿನವ್ರಿಗೆ ಹೇಳಿದ್ದು. ಆ ವಿಷಕ್ಕ ಕೊಡೂ ಔಷಧ ಅಟ್ರೋಪಿನ್, ಅದರ ಆಂಪುಲ್ ಒಂದರಾಗ ಇರೂದು 0.6 ಮಿಲಿಗ್ರಾಂ, ಡೋಸ್ ಡಬಲ್ ಮಾಡಕೋತ ಹೋಗಬೇಕು, ಒಬ್ಬ ಸಿಸ್ಟರ್ ಹತ್ತು ಇಪ್ಪತ್ತು ಆಂಪುಲ್ ಒಡಕೋತ ನಿಂತಿರ್ತಾಳ, ಬಾಗಲಾಗ 15 ಮಂದಿ ನಿಂತು ಅಳಾಕತ್ತಿರ್ತಾರ. ಅಲ್ಲಿ ಎಣಿಕಿ ತಪ್ಪಿದ್ರ "ಅಟೆನ್ಷನ್ ಇರ್ಲಿಲ್ಲ" ಅಂತ ಬರಿಯೂದು ಏನ ನ್ಯಾಯ. ಒಡದ ಆಂಪುಲ್ ಒಂದು ಕಿಡ್ನಿ ಟ್ರೇದಾಗ ಹತ್ತತ್ತರ ಸಾಲಿಗೆ ಇಡೂದು, ಇನ್ನೊಬ್ರು ಎಣಿಸಿ ಬರಿಯೂದು ಅಂತ ರೂಲ್ ಮಾಡ್ರಿ.

ವಾರ್ಡಿನ್ಯಾಗ ಏನೇನು ಬದಲ ಮಾಡ್ತೀರಿ ಅನ್ನೂದನ್ನ ತಿದ್ದೂ ಪ್ಲಾನಿನ ಅದ ಹಾಳ್ಯಾಗ ಬರೀರಿ. ಆ ಕಾಲಂ ಖಾಲಿ ಇದ್ರ ನಾ ಆ ಪ್ಲಾನಿಗೆ ಸೈನ್ ಹಾಕಂಗಿಲ್ಲ.

ಹಂತ 5: ಕೊರತಿ ಎಲ್ಲೈತಿ ಅಂತ ಹುಡುಕೂದು

ಗೊತ್ತಿಲ್ಲಾ, ಕೈಗ ಬರಂಗಿಲ್ಲಾ, ರೂಢಿ ಕೆಟ್ಟೈತಾ, ಇಲ್ಲಾ ಮನಿ ಕಡೆ ಏನರ ಐತಾ. ಈ ನಾಕರಾಗ ಯಾವುದು ಅಂತ ಗೊತ್ತಾಗ್ದ ಟ್ರೇನಿಂಗ್ ಕೊಟ್ರ ಹೊಟ್ಟಿ ನೋವಿಗೆ ತಲಿಗೆ ಪಟ್ಟಿ ಹಾಕಿದಂಗ.

ಕೇಳಿದ್ರ ಎಲ್ಲಾರೂ "ಗೊತ್ತೈತಿ ಅಕ್ಕಾ" ಅಂತಾರ, ಅದಕ್ಕ ಮಾಡ್ಸಿ ನೋಡ್ರಿ. ಡ್ರಿಪ್ ಲೆಕ್ಕದ ತಪ್ಪಿದ್ರ ಒಂದು ಹಾಳಿ ಕೊಡ್ರಿ: 50 ಕೆಜಿ ಪೇಷಂಟ್, ಡೋಪಮಿನ್ (ಬಿಪಿ ಏರಸೂ ಔಷಧ) ಒಂದು ಕೆಜಿಗೆ ನಿಮಿಷಕ್ಕ 5 ಮೈಕ್ರೋಗ್ರಾಂ, 200 ಮಿಲಿಗ್ರಾಂ ಆಂಪುಲ್ ಒಂದನ್ನ ಒಟ್ಟು 50 ಎಂಎಲ್ ಮಾಡೀವಿ, ಪಂಪಿಗೆ ತಾಸಿಗೆ ಎಷ್ಟು ಎಂಎಲ್ ಹಾಕ್ತಿ? ನಿಮಿಷಕ್ಕ 250 ಮೈಕ್ರೋಗ್ರಾಂ, ತಾಸಿಗೆ 15 ಮಿಲಿಗ್ರಾಂ, ಒಂದು ಎಂಎಲ್‌ನ್ಯಾಗ 4 ಮಿಲಿಗ್ರಾಂ, ಅಂದ್ರ 3.75. ಈ ಲೆಕ್ಕ ಆಕಿ ಎಲ್ಲಿ ನಿಂತ್ಲು ಅಂತ ನೋಡ್ರಿ. ಮೈಕ್ರೋದಿಂದ ಮಿಲಿಗೆ ಬರೂವಾಗ ನಿಂತ್ರ ಒಂದು ಪಾಠ, 60 ನಿಮಿಷ ಮರತ್ರ ಇನ್ನೊಂದು. ಹತ್ತನೇತ್ತ ಕನ್ನಡ ಮೀಡಿಯಂ ಓದಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಕೋರ್ಸಿಗೆ ಬಂದ ಹುಡುಗ್ಯಾರಿಗೆ ಲೆಕ್ಕ ಬರತೈತಿ, ಪ್ರಶ್ನೆ ಇಂಗ್ಲಿಷ್‌ನ್ಯಾಗ ಇದ್ದದ್ದಕ್ಕ ತಿಳೀಲಿಲ್ಲ ಅನ್ನೂದನ್ನೂ ನಾ ನೋಡೀನಿ. ಕನ್ನಡದಾಗ ಹೇಳಿದ ಕೂಡ್ಲೆ ಟಕ್ಕಂತ ಮಾಡಿದ್ಲು.

ಮನಿ ಕಡಿದು ಕೇಳೂವಾಗ ಕೆದಕಬ್ಯಾಡ್ರಿ. "ನಿದ್ದಿ ಆಗಾಕತ್ತೈತಾ?" ಅಂತ ಒಂದ ಪ್ರಶ್ನೆ ಸಾಕು. ಸಣ್ಣ ಕೂಸಿದ್ದಾಕಿ, ಸತತ ನೈಟ್ ಮಾಡಿದಾಕಿ ಅದಕ್ಕ ಉತ್ತರ ಕೊಡೂದರಾಗ ಎಲ್ಲಾ ಬರತೈತಿ.

ಹಂತ 6: ಪ್ಲಾನ್ ಬರಿಯೂದು

ಒಂದ ಹಾಳಿ. ಎರಡನೇ ಹಾಳಿಗೆ ಹೋತಂದ್ರ ಯಾರೂ ಓದಂಗಿಲ್ಲ. ಮ್ಯಾಲಿನ ಮಲ್ಲಪ್ಪನ ಕೇಸನ್ನ ತಗೋರಿ. ಸೆಫ್ಟ್ರಿಯಾಕ್ಸೋನ್ ಅನ್ನೂ ಆಂಟಿಬಯೋಟಿಕ್ ಬ್ಯಾರೆ ಮಲ್ಲಪ್ಪಗ ಹೋಗಿತ್ತು, ದೇವ್ರ ದಯಾ ಅಲರ್ಜಿ ಆಗ್ಲಿಲ್ಲ. ನಾವು ಬರ್ದಿದ್ದು ಹಿಂಗಿತ್ತು.

ಏನು ಸರಿ ಆಗಬೇಕು: ಪ್ರತಿ ಇಂಜೆಕ್ಷನ್‌ಗೂ ಮೊದಲ ಪೇಷಂಟ್ ಕಡೆಯಿಂದನ ಪೂರ್ತಿ ಹೆಸರು ಹೇಳಸೂದು, ಕೈಪಟ್ಟಿ ಮ್ಯಾಲಿನ ಆಸ್ಪತ್ರಿ ನಂಬರ್ ಚಾರ್ಟ್ ಜೋಡಿ ತಾಳಿ ನೋಡೂದು. "ನೀವು ಮಲ್ಲಪ್ಪ ಅಲ್ರೀ?" ಅಂತ ಕೇಳೂದಲ್ಲ, "ನಿಮ್ಮ ಹೆಸರು, ಅಡ್ಡಹೆಸರು ಹೇಳ್ರಿ" ಅಂತ ಕೇಳೂದು. ಬೆಡ್ ನಂಬರ್ ಗುರುತಲ್ಲ, ಫ್ಯಾನ್ ಕೆಳಗ ಬೇಕು ಅಂತ ಪೇಷಂಟ್ ತಾವ ಬೆಡ್ ಬದಲ ಮಾಡಕೊಂಡಿರ್ತಾರ.

ಮೊದಲ ವಾರ ಜೋಡಿ ಸಿಸ್ಟರ್ (ಕಲಸಾಕ ಹಚ್ಚಿದವ್ರು) ಮೂರು ಮೆಡಿಸಿನ್ ರೌಂಡ್ ಮಾಡ್ತಾರ, ಈಕಿ ನೋಡ್ತಾಳ. ಎರಡನೇ ವಾರ ಈಕಿ ಮಾಡ್ತಾಳ, ಅವ್ರು ಬಾಜೂಕ ಸುಮ್ನ ನಿಂತು ನೋಡ್ತಾರ, ಹತ್ತು ಪೇಷಂಟ್, ಹತ್ತರಾಗ ಹತ್ತೂ ಸರಿ ಇರಬೇಕು, ಒಂಬತ್ತಾದ್ರ ಮತ್ತ ಹತ್ತು. ಮೂರನೇ ವಾರ ಒಬ್ಬಾಕಿನ, ನಡುವ ಹೇಳದ ಎರಡ್ಸಲ ಚೆಕ್. ನಾಕನೇ ವಾರ ಇಬ್ರೂ ಕುಂತು ಮಾತಾಡಿ ಮುಗಸೂದು. ವಾರ್ಡಿನ ಪಾಲು: ಒಂದ ಹೆಸರಿನ ಪೇಷಂಟ್ ಫೈಲಿಗೆ ಹಳದಿ ಸ್ಟಿಕ್ಕರ್, ಇಬ್ರನ್ನೂ ಬಾಜೂ ಬಾಜೂ ಬೆಡ್ಡಿಗೆ ಹಾಕಬಾರ್ದು, ಮೆಡಿಸಿನ್ ತುಂಬೂ ಹೊತ್ತಿನ್ಯಾಗ ಫೋನ್ ಆಯಾ ಎತ್ತಬೇಕು.

ಇದೆಲ್ಲಾ ಡ್ಯೂಟಿ ಟೈಮಿನ್ಯಾಗ ಆಗಬೇಕು. ಪಗಾರ ಕಟ್ ಇಲ್ಲ, ರಜಾ ಕಟ್ ಇಲ್ಲ, ನೈಟ್ ಅಲೊವನ್ಸ್ ಹೋಗಬಾರ್ದು. ರಜಾದ ದಿನ ಬಂದು ಕಲಿ ಅಂದ್ರ ಅದು ಶಿಕ್ಷೆ, ಹೆಸರು ಅಷ್ಟ ಬ್ಯಾರೆ. ಮುಗಿಯೂ ತಾರೀಕು ಮೊದಲ ದಿನಾನ ಬರ್ದಿರಬೇಕು. ತಾರೀಕು ಇಲ್ಲದ ಪ್ಲಾನ್ ಅಂದ್ರ ತಲಿ ಮ್ಯಾಲ ತೂಗಾಕಿದ ಕತ್ತಿ, ಆರು ತಿಂಗಳಾದ್ರೂ "ಇನ್ನೂ ನಿನ್ನ ನೋಡಾಕತ್ತೀವಿ" ಅನ್ನೂ ಇನ್‌ಚಾರ್ಜ್‌ಗಳು ಅದಾರ, ಅಂಥಲ್ಲಿ ಹುಡುಗ್ಯಾರು ರಾಜೀನಾಮೆ ಕೊಟ್ಟು ಹೋಗ್ತಾರ.

ಹಂತ 7: ಜೋಡಿಗೆ ಯಾರನ್ನ ಹಚ್ಚಬೇಕು

ವಾರ್ಡಿನ ಹಿರೇ ಸಿಸ್ಟರ್ ಅಂತ ಸುಮ್ನ ಹಚ್ಚಬ್ಯಾಡ್ರಿ. ಕೆಲವ್ರು ಕೆಲಸದಾಗ ಹುಲಿ, ಕಲಸೂದರಾಗ ಬರೇ ಬೈಗುಳ. ತಪ್ಪು ಮಾಡಿದಾಕಿ ಖಾಸ ಗೆಳತಿನ್ನೂ ಬ್ಯಾಡ, ಹತ್ತರಾಗ ಏಳಾದ್ರೂ ಹತ್ತು ಅಂತ ಬರಿತಾಳ. ತಾನೂ ಒಮ್ಮೆ ತಪ್ಪು ಮಾಡೀನಿ ಅಂತ ಬಾಯಿ ಬಿಟ್ಟು ಹೇಳೂ ಮನಸಿನಾಕಿ ಸಿಕ್ರ ಬಿಡಬ್ಯಾಡ್ರಿ. ಆಕಿಗೂ ಆ ವಾರ ಎರಡು ಪೇಷಂಟ್ ಕಡಿಮಿ ಕೊಡ್ರಿ. ತನ್ನ 12 ಪೇಷಂಟ್ ನೋಡಕೋತ ಇನ್ನೊಬ್ಬಾಕಿಗೆ ಕಲಸೂದು ಯಾರಿಗೂ ಆಗಂಗಿಲ್ಲ.

ಕೈಕೆಲಸ ಕಲಸಾಕ ದೊಡ್ಡ ಲ್ಯಾಬ್ ಬೇಕಂತಿಲ್ಲ, ಇದ್ರ ಚಲೋ. ಬೆಳಗಾವಿ, ವಿಜಯಪುರ, ಬಾಗಲಕೋಟಿ ಮೂರೂ ಊರಾಗ ನರ್ಸಿಂಗ್ ಕಾಲೇಜ್ ಅದಾವು, ಸ್ಕಿಲ್ ಲ್ಯಾಬಿನ್ಯಾಗ ಮ್ಯಾನಿಕಿನ್ (ಪ್ರಾಕ್ಟೀಸ್ ಮಾಡೂ ಗೊಂಬಿ) ಧೂಳ ಹಿಡದು ಕುಂತಿರ್ತಾವು, ಪ್ರಿನ್ಸಿಪಾಲ್‌ರಿಗೆ ಒಂದು ಲೆಟರ್ ಬರ್ದು ಕೇಳ್ರಿ.

ಡಾಕ್ಟರ್‌ಗೆ ಫೋನ್ ಮಾಡೂದನ್ನ ಮಾತ್ರ ಕಡ್ಡಾಯ ಪ್ರಾಕ್ಟೀಸ್ ಮಾಡಸ್ರಿ, ಅರ್ಧಾ ತಪ್ಪು ಅಲ್ಲೇ ಹುಟ್ಟೂದು. ಎಸ್‌ಬಿಎಆರ್ ಅಂತ ಒಂದು ಪದ್ಧತಿ ಐತಿ, ಅಮೆರಿಕಾದ ನೌಕಾಪಡಿ ಸಬ್‌ಮರೀನಿಂದ ದವಾಖಾನಿಗೆ ಬಂದಿದ್ದು. ಈಗ ಏನಾಗೈತಿ, ಹಿಂದ ಏನಿತ್ತು, ನನಗೇನ ಅನಸ್ತೈತಿ, ಏನ ಆಗಬೇಕು. ನಮ್ಮ ಭಾಷಾದಾಗ ಹಿಂಗ ಹೇಳಸ್ತೀನಿ: "ಸರ್, ಸರ್ಜರಿ ವಾರ್ಡಿಂದ ಮಾತಾಡಾಕತ್ತೀನ್ರಿ. ಶಾಂತವ್ವ, ಬಿಪಿ 80/50 ಆಗೈತ್ರಿ, ಅರ್ಧಾ ತಾಸಿನ ಹಿಂದ 110 ಇತ್ತು. ನಿನ್ನೆ ಹೊಟ್ಟಿ ಆಪರೇಷನ್ ಆಗೈತಿ. ಡ್ರೇನ್‌ದಾಗ 300 ಎಂಎಲ್ ರಕ್ತ ಬಂದೈತ್ರಿ, ಒಳಗ ಬ್ಲೀಡಿಂಗ್ ಆಗಾಕತ್ತೈತಿ ಅನಸ್ತೈತಿ. ನೀವು ಈಗ ಬರಬೇಕ್ರಿ, ಅಲ್ಲೀತನಕ ಏನ ಹಚ್ಲಿ?" ಅವ್ರು ಹೇಳಿದ ಆರ್ಡರ್ ಬರಕೊಂಡು ತಿರುಗಿ ಓದಿ ಹೇಳೂದು. "ಹದಿನೈದಾ ಐವತ್ತಾ ಸರ್" ಅಂತ ಕೇಳಾಕ ನಾಚಿಕಿ ಪಡಬಾರ್ದು, ಇಂಗ್ಲಿಷ್‌ನ್ಯಾಗ ಫಿಫ್ಟೀನ್, ಫಿಫ್ಟಿ ಫೋನಿನ್ಯಾಗ ಒಂದ ಕೇಳಸ್ತಾವು. ಸಾಹೇಬ್ರು ಸಿಟ್ಟಾದ್ರ ಆ ಸಿಟ್ಟು ನಿಮ್ಮ ಕಡೆ ಬರ್ಲಿ, ಹುಡುಗಿ ಕಡೆ ಅಲ್ಲ. ಇನ್‌ಚಾರ್ಜ್ ಅಂತ ಇರೂದು ಮತ್ತ ಯಾಕ.

ಹಂತ 8: ಬಾಯಿ ಬೀಗ

ಪ್ಲಾನ್ ಗೊತ್ತಿರಬೇಕಾದವ್ರು ಮೂರ ಮಂದಿ: ಆಕಿ, ಜೋಡಿ ಸಿಸ್ಟರ್, ನೀವು. ಸೂಪರಿಂಟೆಂಡೆಂಟ್‌ಗೆ ಹೇಳಬೇಕಾದ್ರ ನಾಕು. ವಾಟ್ಸಾಪ್ ಗ್ರೂಪಿನ್ಯಾಗ "ನಿನ್ನೆ ಯಾರೋ ಒಬ್ರು ಮೇಲ್ ವಾರ್ಡಿನ್ಯಾಗ..." ಅಂತ ಹಾಕಬ್ಯಾಡ್ರಿ, ಆ ಯಾರೋ ಒಬ್ರು ಯಾರು ಅಂತ ಐದು ನಿಮಿಷದಾಗ ಇಡೀ ದವಾಖಾನಿಗೆ ಗೊತ್ತಾಗತೈತಿ. ಪಾಠ ಎಲ್ಲಾರಿಗೂ ಹೇಳಬೇಕಂದ್ರ ಎರಡು ತಿಂಗಳ ತಡದು, ವಾರ್ಡ್ ಹೆಸರು ತಗದು ಹೇಳ್ರಿ. ಹಾಳಿ ಇಡೂ ಫೈಲ್ ಬ್ಯಾರೆ ಇರಬೇಕು, ಇನ್‌ಕ್ರಿಮೆಂಟ್ ನೋಡೂ ಪರ್ಸನಲ್ ಫೈಲಿನ್ಯಾಗ ಹಾಕಬ್ಯಾಡ್ರಿ.

ಹಂತ 9: ಮುಗಸೂದು, ಇಲ್ಲಾ ಮುಂದುವರಸೂದು

ನಾಕನೇ ವಾರ ಸರಿ ಇದ್ರ "ಮುಗೀತು" ಅಂತ ಬರ್ದು ಮೂರೂ ಜನ ಸೈನ್ ಮಾಡ್ರಿ, ಒಂದು ಕಾಪಿ ಆಕಿಗೆ ಕೊಡ್ರಿ. ಮೂರು ತಿಂಗಳಿಗೆ ಒಮ್ಮೆ ಹಾಯ್ದು ಹೋಗೂವಾಗ ನೋಡ್ರಿ, ಅಷ್ಟ. ಸರಿ ಆಗ್ಲಿಲ್ಲ ಅಂದ್ರ ಇನ್ನೊಂದು ಸುತ್ತು, ಬ್ಯಾರೆ ಜೋಡಿ ಸಿಸ್ಟರ್ ಕಡೆ. ಅದೂ ಆಗ್ಲಿಲ್ಲಂದ್ರ ವಾರ್ಡ್ ಬದಲ ಮಾಡಿ ನೋಡ್ರಿ. ಐಸಿಯುದಾಗ ತಡವರಿಸಿದಾಕಿ ಡಯಾಲಿಸಿಸ್‌ನ್ಯಾಗ ಎಷ್ಟು ಚಂದ ಕೆಲಸ ಮಾಡಾಕತ್ತಾಳ ಅಂದ್ರ ಈಗ ಆಕಿನ್ನ ಅಲ್ಲಿಂದ ಕಳಸಾಕ ಡಾಕ್ಟರ್ ಒಪ್ಪಂಗಿಲ್ಲ. ಎಲ್ಲಾ ಮಾಡೀನೂ ಆಗ್ಲಿಲ್ಲ ಅಂದ್ರ ಎಚ್‌ಆರ್‌ಗೆ ಹೋಗೂದ, ಆದ್ರ ಅವತ್ತು ನಿಮ್ಮ ಕೈಯಾಗ ಏನೇನು ಮಾಡೀವಿ ಅನ್ನೂ ಹಾಳಿ ಇರತೈತಿ, ಬರೇ ಸಿಟ್ಟಲ್ಲ.

ಮ್ಯಾನೇಜ್‌ಮೆಂಟ್ ಒಪ್ಪಬೇಕಲ್ಲ

"ಮೆಮೊ ಕೊಟ್ರ ಬುದ್ಧಿ ಬರತೈತಿ" ಅನ್ನೂ ದವಾಖಾನಿ ಮಾಲಕರು ಎಲ್ಲಾ ಕಡೆ ಅದಾರ. ಅವ್ರಿಗೆ ಅಮೆರಿಕಾದ ನ್ಯಾಶ್ವಿಲ್ ಕೇಸ್ ಹೇಳ್ರಿ. 2017ರ ಡಿಸೆಂಬರ್‌ನ್ಯಾಗ ಒಬ್ಬ ನರ್ಸ್ ನಿದ್ದಿ ಬರೂ ಔಷಧ ಬದಲಿ ಸ್ನಾಯು ನಿಲ್ಲಿಸೂ ವೆಕ್ಯುರೋನಿಯಂ ಕೊಟ್ಲು, ಪೇಷಂಟ್ ತೀರಕೊಂಡ್ರು. ತಪ್ಪಾತು ಅಂತ ಆಕಿ ತಾನ ಹೇಳಿದ್ಲು. 2021ರಾಗ ಲೈಸೆನ್ಸ್ ಹೋತು, 2022ರಾಗ ಕ್ರಿಮಿನಲ್ ಕೇಸಿನ್ಯಾಗ ಅಪರಾಧಿ ಅಂತ ಆತು, ಮೂರು ವರ್ಷ ಪ್ರೊಬೇಷನ್. ಜಗತ್ತಿನ ನರ್ಸ್‌ಗಳೆಲ್ಲಾ ಅದನ್ನ ನೋಡಿ ಕಲ್ತಿದ್ದು ಏನು ಅಂತ ಕೇಳ್ರಿ ಅವ್ರಿಗೆ.

ನಮ್ಮಲ್ಲೂ ಕಾನೂನು ಹಗರಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆ 106ನೇ ಕಲಂನ್ಯಾಗ ನಿರ್ಲಕ್ಷ್ಯದಿಂದ ಸಾವಾದ್ರ ಐದು ವರ್ಷತನಕ ಶಿಕ್ಷೆ ಐತಿ, ರಿಜಿಸ್ಟರ್ಡ್ ಡಾಕ್ಟರ್ ಚಿಕಿತ್ಸಾ ಮಾಡೂವಾಗ ಆದ್ರ ಎರಡು ವರ್ಷತನಕ. ಆ ಎರಡು ವರ್ಷದ ವ್ಯಾಖ್ಯಾನದಾಗ ನರ್ಸ್ ಇಲ್ಲ. ಅದಕ್ಕ ತಿದ್ದೂ ಪ್ಲಾನಿನ ಹಾಳ್ಯಾಗ "ನನ್ನ ನಿರ್ಲಕ್ಷ್ಯದಿಂದ" ಅಂತ ಹುಡುಗಿ ಕಡೆಯಿಂದ ಬರಸಾಕ ಹೋಗಬ್ಯಾಡ್ರಿ, ಪೊಲೀಸ್ ಕೇಸ್ ಆಗೂ ಲಕ್ಷಣ ಇದ್ರ ಮೊದಲ ದವಾಖಾನಿ ವಕೀಲರನ್ನ ಕೇಳ್ರಿ.

ಎನ್‌ಎಬಿಎಚ್ (ದವಾಖಾನಿ ಗುಣಮಟ್ಟದ ಮಾನ್ಯತೆ) ಬೇಕು ಅನ್ನೂ ದವಾಖಾನಿ ಇದ್ರ ಕೆಲಸ ಸುಲಭ, ಅಲ್ಲಿ ಇನ್ಸಿಡೆಂಟ್ ರಿಪೋರ್ಟ್ ಮತ್ತ ಅದರ ವಿಶ್ಲೇಷಣಾ ಇರಲೇಬೇಕು. ಒಂದು ಮಾತು ಮೊದಲ ಹೇಳಿಟ್ಟಿರ್ರಿ: ಶುರು ಮಾಡಿದ ಮೊದಲ ಕೆಲವು ತಿಂಗಳು ರಿಪೋರ್ಟ್ ಜಾಸ್ತಿ ಆಗ್ತಾವು. ತಪ್ಪು ಜಾಸ್ತಿ ಆದದ್ದಲ್ಲ, ಇಷ್ಟು ದಿನ ಹಾಸ್ಟೆಲ್ ಮೆಟ್ಟಿಲ ಮ್ಯಾಲ ಹೇಳಕೊಳ್ತಿದ್ದದ್ದು ಈಗ ಟೇಬಲ್ ಮ್ಯಾಲ ಬಂದೈತಿ.

ಸಣ್ಣ ದವಾಖಾನ್ಯಾಗ ಇರೂರಿಗೆ

20 ಬೆಡ್ಡಿನ ನರ್ಸಿಂಗ್ ಹೋಮ್, ನಾಕ ಜನ ಸ್ಟಾಫ್, ಸೂಪರಿಂಟೆಂಡೆಂಟೂ ಇಲ್ಲ, ಎಜುಕೇಟರೂ ಇಲ್ಲ, ಎಲ್ಲಾ ಒಬ್ಬಾಕಿನ. ಅಂಥಲ್ಲಿ ಇಷ್ಟೆಲ್ಲಾ ಎಲ್ಲಿ ಮಾಡೂದು ಅಕ್ಕಾ ಅಂತ ಇಳಕಲ್ಲಿಂದ ಒಬ್ಬಾಕಿ ಕೇಳಿದ್ಲು. ಆಕಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ. ಒಂದು ನೂರು ಪೇಜಿನ ನೋಟ್‌ಬುಕ್ ತಗೋ, ಹೆಸರು ಹಾಕಬ್ಯಾಡ, ತಾರೀಕು, ಏನಾತು, ಏನ ಬದಲ ಮಾಡಿದ್ವಿ, ಮೂರ ಕಾಲಂ. ಮೊದಲನೇ ಎಂಟ್ರಿ ನಿಂದ ಇರ್ಲಿ, ನೀ ಮಾಡಿದ ತಪ್ಪ ಬರಿ. ಶನಿವಾರ ಡ್ಯೂಟಿ ಬದಲಾಗೂ ಹೊತ್ತಿಗೆ ಹದಿನೈದು ನಿಮಿಷ ನಾಕೂ ಜನ ನಿಂತು ಓದ್ರಿ. ಕಲಸಾಕ ಜೋಡಿ ಬೇಕಾದ್ರ ಬಾಜೂ ನರ್ಸಿಂಗ್ ಹೋಮಿನ ಹಿರೇ ಸಿಸ್ಟರ್ ಜೋಡಿ ಅದಲಾಬದಲಿ ಮಾಡ್ಕೋ, ಒಂದು ದಿನ ನಿನ್ನ ಹುಡುಗಿ ಅಲ್ಲಿ, ಒಂದು ದಿನ ಅವ್ರ ಹುಡುಗಿ ಇಲ್ಲಿ, ಇಬ್ರೂ ಡಾಕ್ಟರ್‌ಗಳಿಗೆ ಹೇಳಿ. ಆಕಿ ಮೊದಲನೇ ಪೇಜಿನ್ಯಾಗ ಬರ್ದದ್ದನ್ನ ಫೋಟೋ ಹೊಡದು ನನಗ ಕಳ್ಸಿದ್ಲು, ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ ಕೆಂಪು ಕ್ಯಾಪಿನ ಸಿರಿಂಜಿಗೆ ಎಳದಿದ್ಲಂತ, ಅಂದ್ರ ನನ್ನ ತಪ್ಪಿನ ಉಲ್ಟಾ, 20 ಅಂತ ಎಳದಿದ್ದು 50 ಆಗಿತ್ತು, ಟೈಮಿಗೆ ಸರಿಯಾಗಿ ಗ್ಲೂಕೋಸ್ ಕೊಟ್ಟು ಉಳಿಸ್ಯಾರ. ಮೂರನೇ ಕಾಲಂನ್ಯಾಗ ಬರ್ದಿದ್ದು: "ಪೆನ್ ಕಾರ್ಟ್ರಿಜ್‌ಗೆ ಸಿರಿಂಜ್ ಹಾಕೂದು ಬಂದ್. ಪೆನ್ ಸೂಜಿ ಎರಡು ಡಬ್ಬಿ ತರಸೀವಿ, ಫ್ರಿಜ್ ಬಾಗಲಾಗ ಇಟ್ಟೀವಿ."